ಹಗ್ಗ ಬಿಟ್ಟುಕೊಟ್ಟ ಶುಕ್ರವಾರ

ನನ್ನ ಗಂಡ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಆಫೀಸೊಂದರಲ್ಲಿ ಲೆಕ್ಕಪತ್ರ ನೋಡುವವರು. ವಾರವಿಡೀ ಇಸ್ತ್ರಿ ಅಂಗಿ, ಟೈ. ಶುಕ್ರವಾರ ಬೆಳಗಾದರೆ ಅದೇ ಮನುಷ್ಯ ಲುಂಗಿ ಎತ್ತಿ ಕಟ್ಟಿ ಸೆಗಣಿ ಬಾಚುತ್ತಿದ್ದರು. ಅಲ್ ಐನ್ ದಾರಿಯಲ್ಲಿ ಅವರ ಅರ್ಬಾಬನಿಗೆ, ಎಂದರೆ ಧಣಿಗೆ, ಒಂದು ಸಣ್ಣ ತೋಟವಿತ್ತು. ಅಲ್ಲಿ ಎರಡು ದನ. ಚಿಕ್ಕದು ಹುಟ್ಟಿದಾಗ ಇವರ ಸಂಭ್ರಮ ನೋಡಿ ಅರ್ಬಾಬ್, "ಇದು ನಿನ್ನದೇ" ಎಂದುಬಿಟ್ಟರು. ತಮಾಷೆಗೆ ಹೇಳಿದ್ದಿರಬಹುದು. ಇವರು ಮಾತ್ರ ಊರಿಗೆ ಹೋದವರು ಸೂಟ್‌ಕೇಸಿನಲ್ಲಿ ತೆಂಗಿನ ನಾರಿನ ಹಗ್ಗ ತಂದು ಅದಕ್ಕೆ ಕಟ್ಟಿದರು. ನಾನು ಹೇಳಿದ್ದ ಕುಚ್ಚಲಕ್ಕಿಗೆ ಜಾಗ ಇರಲಿಲ್ಲವಂತೆ!

ಕೆಲವು ವರ್ಷಗಳ ನಂತರ ಅರ್ಬಾಬ್ ತೋಟ ಬಿಟ್ಟುಕೊಡಬೇಕಾಯಿತು. ದನಗಳನ್ನು ಅವರ ತಮ್ಮನ ತೋಟಕ್ಕೆ ಸಾಗಿಸುವುದೆಂದಾಯಿತು. ಚಿಕ್ಕ ದನಕ್ಕೆ ಆಗ ತುಂಬು ಗಬ್ಬ, ಅದೂ ಚೊಚ್ಚಲು. ಗಾಡಿ ಹತ್ತಿಸುವಾಗ ಬಿದ್ದರೆ ಕರು ಉಳಿಯುವುದಿಲ್ಲ ಎಂಬ ಹೆದರಿಕೆ ನಮ್ಮಿಬ್ಬರಿಗೂ ಇತ್ತು.

ಇವರು ಅವಸರ ಮಾಡಲಿಲ್ಲ. ಡ್ರೈವರನಿಗೆ ಹೇಳಿ ಪಿಕಪ್ಪಿನ ಹಿಂಬದಿಯನ್ನು ಮರಳಿನ ದಿಬ್ಬಕ್ಕೆ ತಾಗಿಸಿ ನಿಲ್ಲಿಸಿದರು, ದನ ಹತ್ತುವ ಹಲಗೆ ಕಡಿದಾಗಬಾರದೆಂದು. ದನದ ಹಟ್ಟಿಯ ಹಳೆಯ ಹುಲ್ಲನ್ನೇ ಹಲಗೆಯ ಮೇಲೆ ಹಾಸಿದರು. ಎಂಜಿನ್ ಆರಿಸಿದರು. ದೊಡ್ಡ ದನ ಊರಿನ ಸರ್ವಿಸ್ ಬಸ್ಸು ಹತ್ತುವ ಹೆಂಗಸಿನ ಹಾಗೆ ಸಲೀಸಾಗಿ ಹತ್ತಿ ಮೂಲೆ ಹಿಡಿಯಿತು.

ಆಮೇಲೆ ಇವರು ಚಿಕ್ಕದರ ನಾರಿನ ಹಗ್ಗ ಬಿಚ್ಚಿ ಹೆಗಲಿಗೆ ಹಾಕಿಕೊಂಡು, ನೀಲಿ ಪ್ಲಾಸ್ಟಿಕ್ ಹಗ್ಗ ಕಟ್ಟಿದರು. ನಮ್ಮ ಕಡೆ ದನ ಕೊಟ್ಟರೂ ಹಗ್ಗ ಕೊಡುವುದಿಲ್ಲ. ಹಗ್ಗ ಉಳಿದ ಮನೆಗೆ ದನ ಮತ್ತೆ ಬರುತ್ತದೆಂಬ ನಂಬಿಕೆ.

"ಏಳನೇ ಮಾಳಿಗೆಯ ಫ್ಲ್ಯಾಟಿಗೆ ದನ ಲಿಫ್ಟಿನಲ್ಲಿ ಬರ್ತದಾ ಮಾರ್ರೆ?" ಎಂದೆ.

"ನಿಂಗೆ ಗೊತ್ತಾಗುದಿಲ್ಲ, ಸುಮ್ಮನಿರು."

ಹೊಸ ಹಗ್ಗ ದನಕ್ಕೆ ಹಿಡಿಸಲಿಲ್ಲ. ತಲೆ ಕೊಡವಿತು, ಹಲಗೆಗೆ ಕಾಲಿಟ್ಟು ಹಿಂದಕ್ಕೆ ಜಗ್ಗಿತು. ಮುಂಗಾಲು ಜಾರಿ ಮೊಣಕಾಲೂರಿ ಎದ್ದಿತು. ಡ್ರೈವರ್ ಕೋಲು ಎತ್ತಿಕೊಂಡ.

"ಯಲ್ಲಾ ಭಾಯಿ, ಪೀಛೇ ಸೇ ಮಾರೋ, ಖಲಾಸ್!" ಹಿಂದಿನಿಂದ ಎರಡು ಬಿಗಿದರೆ ಮುಗಿಯಿತು ಎಂಬುದು ಅವನ ಲೆಕ್ಕ.

"ಮಾರ್ನಾ ನಹೀ. ಪೇಟ್ ಮೇ ಬಚ್ಚಾ ಹೈ," ಹೊಡೆಯಬೇಡ, ಹೊಟ್ಟೆಯಲ್ಲಿ ಕರುವಿದೆ ಎಂದು ಇವರು ದನಿ ಏರಿಸದೆ ತಡೆದರು.

ದನವನ್ನು ನೆರಳಿಗೆ ಕರೆದೊಯ್ದು, ಉಸಿರು ತಹಬಂದಿಗೆ ಬರುವವರೆಗೆ ಕಾದೆವು. ಎರಡನೇ ಸಲವೂ ಹಲಗೆಯ ಹತ್ತಿರ ಬಂದದ್ದೇ ಅದೇ ಹಟ. ನನಗೆ ತಡೆಯಲಾಗಲಿಲ್ಲ.

"ನಿಮಗೆ ಹಗ್ಗ ಬೇಕಾ, ಕರು ಬೇಕಾ?"

ಇವರು ಹೆಗಲ ಮೇಲಿನ ಹಗ್ಗ ಕೆಳಗಿಳಿಸಿದರು. ಆಮೇಲೆ ನೀಲಿ ಹಗ್ಗ ಬಿಚ್ಚಿ ನಾರಿನದನ್ನೇ ಕಟ್ಟಿದರು. ಎದುರು ನಿಂತು ಎಳೆಯದೆ, ಅದರ ಭುಜದ ಪಕ್ಕ ಹಗ್ಗ ಸಡಿಲ ಬಿಟ್ಟು ನಡೆದರು. "ಬಾ ಮಗಾ, ಬಾ." ದನ ಹಲಗೆ ಮೂಸಿತು. ಒಂದೊಂದೇ ಹೆಜ್ಜೆ ಇಟ್ಟು ಮೇಲೆ ಹೋಗಿ ದೊಡ್ಡ ದನದ ಪಕ್ಕ ನಿಂತಿತು. ಪಿಕಪ್ ನಿಧಾನವಾಗಿ ಹೊರಟಿತು.

ವಾಪಸು ಬರುವಾಗ ನಾನು ಖುಷಿಯಲ್ಲಿದ್ದೆ. ಇವರ ಮುಖ ಮಾತ್ರ ಬಾಡಿತ್ತು.

"ಕರುವಿಗೆ ಏನೂ ಆಗ್ಲಿಲ್ಲ ಅಲ್ವಾ, ಮತ್ತೆಂತ ಬೇಜಾರು?"

"ಕೆಲಸ ಬಿಟ್ಟು ಊರಿಗೆ ಹೋದ್ಮೇಲೆ ಒಂದು ಹಟ್ಟಿ ಕಟ್ಟುವ ಅಂತ ಇದ್ದೆ," ಎಂದರು, ರಸ್ತೆಯಿಂದ ಕಣ್ಣು ತೆಗೆಯದೆ. "ಹಗ್ಗ ಅದಕ್ಕೆ ಬೇಕಿತ್ತು."

ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಈ ಆಸೆ ನನಗೆ ಗೊತ್ತೇ ಇರಲಿಲ್ಲ.