ಒಂಬತ್ತು ಗೂಡಿನ ಗುರುತು

ಟೇಲರಮ್ಮನದು ಇಪ್ಪತ್ತು ವರ್ಷ ಬಟ್ಟೆ ಹೊಲಿದ ಕೈ. ಗುರುತು ಹಾಕದೆ ಕತ್ತರಿ ಆಡಿಸಬಾರದು ಎಂಬುದು ಅವಳ ನಿಯಮ. ಮನೆ ಹಿಂದಿನ ಗುಡ್ಡದಲ್ಲಿ ಕೀಟ ಉಳಿಸುವ ಕೆಲಸಕ್ಕೆ ಸೇರಿದ ಮೇಲೂ ಅದನ್ನು ಬಿಟ್ಟಿರಲಿಲ್ಲ.

ಆ ಗುಡ್ಡದಲ್ಲಿ ಒಂದು ಕಾಲಕ್ಕೆ ನೀಲಿ ಚಿಟ್ಟೆಗಳಿದ್ದವು. ಕುರಿ ಮೇಯುವುದು ನಿಂತಿತು, ಹುಲ್ಲು ಮಂಡಿಯುದ್ದ ಬೆಳೆಯಿತು. ನೆಲಕ್ಕೆ ಬಿಸಿಲು ಸಿಗದೆ ಕೆಂಪಿರುವೆ ಹೋಯಿತು, ಅದರ ಹಿಂದೆಯೇ ಚಿಟ್ಟೆಯೂ. ಈ ಚಿಟ್ಟೆಯ ಮರಿಹುಳ ಬೆಳೆಯುವುದೇ ಆ ಇರುವೆಯ ಗೂಡಿನಲ್ಲಿ. ಅದು ಮೈಯಿಂದ ಸಿಹಿ ಒಸರಿಸುತ್ತದೆ. ಇರುವೆ ತನ್ನದೇ ಕೂಸೆಂದು ಹೊತ್ತೊಯ್ಯುತ್ತದೆ. ದೇವರು ಯಾರ ಅನ್ನವನ್ನು ಯಾರ ಮನೆಯಲ್ಲಿ ಇಟ್ಟಿರುತ್ತಾನೋ!

ಮೂರು ವರ್ಷ ಪೊದೆ ಕಡಿದು, ಕುರಿ ಮೇಯಿಸಿ, ಇರುವೆ ಮರಳಿದ ಮೇಲೆ, ಕೀಟಶಾಸ್ತ್ರ ಓದಿದ ಡಾಕ್ಟರಮ್ಮ ದೂರದ ಬೆಟ್ಟದಿಂದ ಮೊಟ್ಟೆ ತಂದಳು. ಬದುಕಿದ್ದು ಒಂಬತ್ತು ಮರಿ, ಒಂದೊಂದೂ ಅಕ್ಕಿಕಾಳಿನಷ್ಟು. ಕುಂಚದ ತುದಿಯಲ್ಲಿ ಎತ್ತಿ ಸಾಕಿದವಳು ಟೇಲರಮ್ಮ. ಇವತ್ತು ಅವು ಗಿಡ ಬಿಟ್ಟು ಇಳಿದಿದ್ದವು. ಹೊತ್ತು ಮುಳುಗುವುದರೊಳಗೆ ಇರುವೆ ಎತ್ತಿಕೊಂಡರೆ ಬದುಕಿದವು, ಇಲ್ಲವಾದರೆ ಇಲ್ಲ. ಒಂದು ಗೂಡಿಗೆ ಒಂದೇ ಮರಿ. ಎರಡಿಟ್ಟರೆ ಆಹಾರ ಸಾಲದು. ಬೆಳಿಗ್ಗೆಯೇ ಅವಳು ಒಂಬತ್ತು ಗೂಡು ಆರಿಸಿ, ಪ್ರತಿ ಗೂಡಿನ ಬಾಯಿಯ ಪಕ್ಕದ ಕಲ್ಲಿಗೆ ಹೊಲಿಗೆ ಪೆಟ್ಟಿಗೆಯ ಸೀಮೆಸುಣ್ಣದಿಂದ ಸುತ್ತು ಬರೆದಿದ್ದಳು.

ಮೊದಲ ಮರಿಯನ್ನು ಇಳಿಸಿದಳು. ಇರುವೆಯೊಂದು ಹೊರಬಂದು ಕಲ್ಲು ಹತ್ತಿ ತಟ್ಟನೆ ಹಿಂದಿರುಗಿತು. ಇನ್ನೊಂದೂ ಹಾಗೇ. ಮೂರನೆಯದು ಬಿಳಿ ಗೆರೆ ದಾಟಿ, ಕಾಲು ಮೇಲೆ ಮಾಡಿ ಒದ್ದಾಡಿತು.

"ಈ ಇರುವೆ ನಮ್ಮ ಮರೀನ ಒಪ್ಪಲ್ಲ ಅಂತ ಕಾಣ್ಸುತ್ತೆ ಅಕ್ಕಾ," ಡಾಕ್ಟರಮ್ಮನ ಮುಖ ಬಿಳಿಚಿಕೊಂಡಿತ್ತು. "ಹಾಗಾದ್ರೆ ಮೂರು ವರ್ಷ ಮಾಡಿದ್ದೆಲ್ಲ ನೀರಲ್ಲಿ ಹೋಮ."

ಟೇಲರಮ್ಮ ಬೆರಳು ಮೂಸಿದಳು. ಅಡುಗೆಮನೆಯ ಮೂಲೆಯಲ್ಲಿ ಅತ್ತೆ ಗೀಚುವ, ಇರುವೆ ಕೊಲ್ಲುವ ಸೀಮೆಸುಣ್ಣದ ವಾಸನೆ! ಸುಮ್ಮನಿದ್ದರೆ ತಪ್ಪೆಲ್ಲ ಇರುವೆಯ ತಲೆಗೆ ಹೋಗುತ್ತಿತ್ತು. ಹೇಳಿದರೆ ಕೆಲಸವೇ ಹೋಗಬಹುದು. ಸೂರ್ಯ ಗುಡ್ಡದ ಅಂಚಿನಿಂದ ಒಂದು ಮೊಳ ಮೇಲಿದ್ದ. ಅವಳು ಮನಸ್ಸಿನಲ್ಲೇ ಕೈಮುಗಿದು ಬಾಯಿಬಿಟ್ಟಳು.

"ಡಾಕ್ಟರಮ್ಮಾ, ನಾನೇ ವಿಷ ಹಚ್ಚಿದೀನಿ. ಒಂಬತ್ತು ಕಡೆನೂ."

ಡಾಕ್ಟರಮ್ಮ ಇಳಿಸಿದ್ದ ಮರಿಯನ್ನು ಕುಂಚದಲ್ಲಿ ಎತ್ತಿ ಮತ್ತೆ ಡಬ್ಬಿಗೆ ಹಾಕಿದಳು. ಇಬ್ಬರೂ ಆ ಕಲ್ಲುಗಳನ್ನು ಎತ್ತಿ ದೂರ ಹಾಕಿದರು. ಆದರೆ ಇವತ್ತಿಗೆ ಆ ಗೂಡುಗಳನ್ನು ನಂಬುವಂತಿರಲಿಲ್ಲ. ಹೊಸ ಗೂಡು ಹುಡುಕಬೇಕು, ಗಂಟೆಯೊಳಗೆ.

ಅಷ್ಟರಲ್ಲಿ ಅತ್ತೆ ಚಹಾದ ಫ್ಲಾಸ್ಕು, ಬಿಸ್ಕತ್ತು ಹಿಡಿದು ಏದುಸಿರು ಬಿಡುತ್ತ ಹತ್ತಿ ಬಂದರು. ವಿಷಯ ಕೇಳಿ ನಿಂತಲ್ಲೇ ಕೂತರು.

"ಅಯ್ಯೋ, ಆ ಸೀಮೆಸುಣ್ಣದ ಡಬ್ಬಿ ಒಡೆದಿತ್ತು ಅಂತ ನಾನೇ ನಿನ್ನ ಪೆಟ್ಟಿಗೇಲಿ ಇಟ್ಟೆ ಕಣೇ!"

"ಹೇಳೋದಲ್ವಾ ಅತ್ತೆ?"

"ನೀನು ಕೇಳೋದಲ್ವಾ?" ಎಂದವರೇ ಬಿಸ್ಕತ್ತನ್ನು ಅಂಗೈಯಲ್ಲಿ ಪುಡಿ ಮಾಡಿದರು. "ನಲವತ್ತು ವರ್ಷ ಇರುವೆ ಜೊತೆ ಜಗಳ ಆಡಿದೀನಿ. ಅದರ ಮನೆ ಹುಡುಕೋದು ನನಗೆ ಹೇಳಿಕೊಡ್ಬೇಡಿ. ತಿಂಡಿ ಹಾಕು, ಹೊತ್ಕೊಂಡು ಹೋಗೋದರ ಹಿಂದೆ ಹೋಗು. ಅಷ್ಟೇ."

ಪುಡಿ ಚೆಲ್ಲಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಅತ್ತೆ ನೆಲಕ್ಕೆ ಮೂಗು ತಾಗುವಂತೆ ಬಾಗಿ ನಡೆದರು. "ಇಲ್ಲೊಂದು! ಬೇಗ ಬಾರೇ!" ಟೇಲರಮ್ಮ ಕೈ ಒರೆಸಿ, ಮತ್ತೆ ಒರೆಸಿ, ಕುಂಚದಲ್ಲಷ್ಟೇ ಮರಿಯನ್ನು ಇಳಿಸಿದಳು. ಇರುವೆ ಮೀಸೆಯಿಂದ ತಟ್ಟಿ ನೋಡಿತು. ದೂರ ಹೋಯಿತು. ತಿರುಗಿ ಬಂದು, ಮರಿಯನ್ನು ಕಚ್ಚಿ ಎತ್ತಿ, ಬಿಲದೊಳಗೆ ಇಳಿಯಿತು.

ಬೆಳಕು ಹೋಗುವಷ್ಟರಲ್ಲಿ ಎಂಟು ಮರಿಗಳು ಒಳಗಾದವು. ಒಂಬತ್ತನೆಯದಕ್ಕೆ ಗೂಡು ಸಿಗಲಿಲ್ಲ. ನೆಲ ತಣ್ಣಗಾಗಿ ಇರುವೆಗಳು ಹೊರಬರುವುದು ನಿಂತಿತ್ತು. ಟೇಲರಮ್ಮ ಅದನ್ನು ಡಬ್ಬಿಯಲ್ಲೇ ಮನೆಗೆ ಒಯ್ದಳು. ಬೆಳಿಗ್ಗೆ ಅದು ಅಲುಗಲಿಲ್ಲ.

ಕೆಲಸ ಹೋಗಲಿಲ್ಲ. ಡಾಕ್ಟರಮ್ಮ ಅಂದದ್ದು ಇಷ್ಟೇ: "ನೀವು ಬಾಯಿ ಬಿಟ್ರಿ, ಎಂಟು ಉಳಿದ್ವು." ಅಂದಿನಿಂದ ಟೇಲರಮ್ಮನ ಗುರುತು ನೀಲಿ ನೂಲಿನದು, ಪಕ್ಕದ ಗಿಡಕ್ಕೆ ಕಟ್ಟಿದ್ದು. ಮುಂದಿನ ಬೇಸಿಗೆಯಲ್ಲಿ ಆ ಎಂಟು ಗೂಡುಗಳ ಪೈಕಿ ಮೂರರಿಂದ ಚಿಟ್ಟೆ ಎದ್ದವು.

ಅತ್ತೆ ಇರುವೆಯ ಮೇಲಿನ ಹಗೆಯನ್ನೇನೂ ಬಿಟ್ಟಿಲ್ಲ. ಆದರೆ ಗೀಚುವ ಮೊದಲು ಕನ್ನಡಕ ಹಾಕಿಕೊಂಡು ಇರುವೆ ಕಪ್ಪೋ ಕೆಂಪೋ ಎಂದು ನೋಡುತ್ತಾರೆ.