ತನಿಗೆ ಎದ್ದವರು

ಪ್ಲಾಸ್ಟಿಕ್ ಕುರ್ಚಿಗಳು ಸಿಮೆಂಟಿನ ನೆಲದ ಮೇಲೆ ಒಟ್ಟಿಗೇ ಹಿಂದಕ್ಕೆ ಸರಿಯುವ ಸದ್ದನ್ನು ನೀವೂ ಕೇಳಿರುತ್ತೀರಿ. ಈ ಸಲ ಜಯನಗರದ ನಮ್ಮ ರಾಮನವಮಿ ಪೆಂಡಾಲಿನಲ್ಲಿ ಆ ಸದ್ದು ಎದ್ದಾಗ, ಅದರ ಬೆನ್ನಿಗೇ ಹಿಂದಿನ ಶಾಮಿಯಾನದಿಂದ ಬೋಂಡ ಕರಿಯುವ ಎಣ್ಣೆಯ ವಾಸನೆಯೂ ತೇಲಿ ಬಂತು. ವೇದಿಕೆಯ ಮೇಲೆ ಗಾಯಕರು ಆಗಷ್ಟೇ ಹಾಡು ನಿಲ್ಲಿಸಿ ಮೃದಂಗದ ಕಡೆ ಕೈ ತೋರಿಸಿದ್ದರು. ಅಂದರೆ ತನಿ ಆವರ್ತನ ಶುರು. ಹಾಡುವವರು ಗಂಟಲಿಗೆ ವಿಶ್ರಾಂತಿ ಕೊಟ್ಟು ತೊಡೆಯ ಮೇಲೆ ತಾಳ ಹಾಕುತ್ತ ಕೂರುತ್ತಾರೆ, ಮೃದಂಗದವರು ತಮ್ಮ ವಿದ್ಯೆಯನ್ನೆಲ್ಲ ಹರವಿ ಒಬ್ಬರೇ ನುಡಿಸುತ್ತಾರೆ. ಕೇಳುವವರು ಏನು ಮಾಡುತ್ತಾರೆ ಅಂತೀರಾ? ಎದ್ದು ಕಾಫಿಗೆ ಹೋಗುತ್ತಾರೆ. ಇದು ನಮ್ಮೂರಿನ ಸಂಪ್ರದಾಯ. ಯಾರು ಶುರುಮಾಡಿದರೋ ಗೊತ್ತಿಲ್ಲ, ಮುರಿದವರನ್ನಂತೂ ನಾನು ನೋಡಿರಲಿಲ್ಲ.

ನನ್ನ ಮೊಣಕಾಲುಗಳು ನನ್ನನ್ನೊಂದು ಮಾತೂ ಕೇಳದೆ ನೆಟ್ಟಗಾದವು. ಎದ್ದವನು ಅಲ್ಲೇ ನಿಂತುಬಿಟ್ಟೆ. ಶೇಷಿ ಮಾವ ನೆನಪಾದರು.

ಶೇಷಗಿರಿ ನನ್ನ ಅಮ್ಮನ ತಮ್ಮ. ಹಗಲಿಡೀ ಬ್ಯಾಂಕು, ಸಂಜೆ ಮೃದಂಗ. ನನಗೂ ಕಲಿಸಲು ನೋಡಿದರು. ಆದರೆ ನನ್ನ ಬೆರಳುಗಳು ಬಿಸಿ ಬೋಂಡ ಹಿಡಿಯುವುದಕ್ಕೆಂದೇ ಹುಟ್ಟಿದಂಥವು, ಅಲ್ಲಿಗೇ ನಿಂತುಹೋಯಿತು. ಮಾವ ದೊಡ್ಡ ಹೆಸರಿನವರೇನಲ್ಲ. ಆದರೆ ಬೇರೆ ಯಾರಾದರೂ ಕೊನೆ ಗಳಿಗೆಯಲ್ಲಿ ಕೈಕೊಟ್ಟರೆ, "ಶೇಷಗಿರಿ ಇದ್ದಾರೆ ಬಿಡಿ" ಎಂದು ಕಾರ್ಯದರ್ಶಿಗಳು ಉಸಿರು ಬಿಡುತ್ತಿದ್ದರು. ಹೊತ್ತಿಗೆ ಸರಿಯಾಗಿ ಬರುತ್ತಿದ್ದರು, ಹಾಡುವವರನ್ನು ಎಂದೂ ಮುಳುಗಿಸುತ್ತಿರಲಿಲ್ಲ. ತನಿ ಬಂತೆಂದರೆ ಗಾಯಕರು ಪಕ್ಕಕ್ಕೆ ಬಾಗಿ "ಸಣ್ಣದಾಗಿ" ಎನ್ನುತ್ತಿದ್ದರು. ಮಾವ ಸಣ್ಣದಾಗಿಯೇ ಮುಗಿಸುತ್ತಿದ್ದರು. ಹೇಳದೇ ಹೋದರೂ, ಕುರ್ಚಿಗಳು ಸರಿದ ಸದ್ದು ಕೇಳಿದ್ದೇ ಅವರ ಕೈ ತಾನಾಗಿ ಅವಸರಕ್ಕೆ ಬೀಳುತ್ತಿತ್ತು.

"ಬೆಂಗಳೂರಿನ ರಸಿಕರ ಮುಖ ಅಷ್ಟಾಗಿ ಗೊತ್ತಿಲ್ಲ ಕಣೋ ನಂಗೆ. ಬೆನ್ನು ನೋಡಿದ್ರೆ ಮಾತ್ರ ಯಾರು ಅಂತ ಥಟ್ಟಂತ ಹೇಳ್ತೀನಿ," ಎಂದು ನಗುತ್ತಿದ್ದರು.

ಕಛೇರಿ ಮುಗಿಸಿ ಮನೆಗೆ ಬಂದರೆ ಕಮಲತ್ತೆ, ಅಂದರೆ ಮಾವನ ಹೆಂಡತಿ, ಅವರ ಹೆಗಲಿನ ಶಾಲು ತೆಗೆದುಕೊಳ್ಳುತ್ತಲೇ ಕೇಳುವ ಪ್ರಶ್ನೆ ಒಂದೇ: "ಎಷ್ಟು ಜನ ಎದ್ರು ಇವತ್ತು?"

"ಬೋಂಡ ಇತ್ತು ಕಣೇ. ಎಲ್ಲಾ ಎದ್ರು."

ಇನ್ನೊಂದು ದಿನ, "ಪರ್ವಾಗಿಲ್ಲ, ಬರೀ ಬಿಸ್ಕತ್ತು. ಅರ್ಧ ಜನ ಕೂತಿದ್ರು."

ಇಬ್ಬರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಆ ನಗುವಿನ ಅಡಿಯಲ್ಲಿ ಏನಿದೆ ಎಂಬುದು ಗೊತ್ತಾಗಲು ನೀವು ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋಗಬೇಕಿತ್ತು. ಮಾವನ ಗುರುಗಳು ಮಿಶ್ರ ಚಾಪು ತಾಳದಲ್ಲಿ ಒಂದು ಉದ್ದನೆಯ ತನಿಯನ್ನು ಅವರಿಗೆ ಪಾಠ ಹೇಳಿದ್ದರು. ಮಿಶ್ರ ಚಾಪು ಎಂದರೆ ಏಳರ ಎಣಿಕೆ. ತಕಿಟ ತಕಧಿಮಿ, ಸ್ವಲ್ಪ ಕುಂಟುತ್ತ ಬಂದು ಠೀವಿಯಿಂದ ಕೂರುವ ನಡೆ. ಭಾನುವಾರ ನಡುಮನೆಯಲ್ಲಿ ಕೂತು ಮಾವ ಅದನ್ನು ಮೊದಲಿನಿಂದ ಕೊನೆಯವರೆಗೆ ನುಡಿಸುತ್ತಿದ್ದರು. ಒಳಗೆ ಹುಳಿ ಕುದಿಯುತ್ತಿರುತ್ತಿತ್ತು. ಅತ್ತೆ ಸೌಟು ಹಿಡಿದುಕೊಂಡೇ, ಯಾವುದರ ನಂತರ ಯಾವುದು ಬರುತ್ತದೆಂದು ತುಟಿಯಲ್ಲೇ ಹೇಳಿಕೊಳ್ಳುತ್ತಿದ್ದರು. ಸಭೆಯಲ್ಲಿ ಅದು ಪೂರ್ತಿಯಾಗಿ ಒಮ್ಮೆಯೂ ಆಗಿರಲಿಲ್ಲ. "ಒಂದ್ಸಲ, ಒಂದೇ ಸಲ ಜನರ ಮುಂದೆ ಪೂರ್ತಿ ಆಗ್ಬೇಕು. ಇಲ್ದಿದ್ರೆ ಇದು ನನ್ನ ಜೊತೆನೇ ಹೋಗತ್ತೆ," ಎಂದು ಒಮ್ಮೆ ಮೃದಂಗಕ್ಕೆ ಗವಸು ಹಾಕುತ್ತ ಹೇಳಿದರು. ಆಗ ಮಾತ್ರ ನಗಲಿಲ್ಲ.

ಅವರು ನಿವೃತ್ತರಾಗಿ, ಕಛೇರಿಗಳೂ ಕಡಿಮೆಯಾದ ಮೇಲೆ ಒಂದು ಸಂಜೆ ತೇಜಸ್ ಬಂದ. ಚಿಕ್ಕಂದಿನಲ್ಲಿ ಮಾವನ ಹತ್ತಿರವೇ ಪಾಠ ಕಲಿತವನು. ಈಗ ಭುಜ ದಾಟಿದ ಕೂದಲು, ಕಪ್ಪು ಟೀಶರ್ಟು, ಅದರ ಮೇಲೆ ಹಲ್ಲು ಕಿರಿಯುವ ಬುರುಡೆ.

"ಆ ಬುರುಡೆ ಹಾಕ್ಕೊಂಡು ದೇವರ ಮನೆ ಕಡೆ ತಿರುಗ್ಬೇಡ್ವೋ," ಎಂದರು ಅತ್ತೆ. "ಕೂತ್ಕೋ. ಚಕ್ಕುಲಿ ತಿಂತೀಯಾ?"

ತೇಜಸ್ ಡ್ರಮ್ಸ್ ಬಾರಿಸುವ ಹೆವಿ ಮೆಟಲ್ ಬ್ಯಾಂಡಿನ ಹೆಸರು ಉಗ್ರಾಣ. ಪುಟ್ಟೇನಹಳ್ಳಿಯಲ್ಲಿ ಮುಚ್ಚಿಹೋದ ಒಂದು ಕಲ್ಯಾಣಮಂಟಪದ ಉಗ್ರಾಣದಲ್ಲೇ ಅವರ ಅಭ್ಯಾಸ. ಹೆಸರೂ ಅಲ್ಲೇ ಸಿಕ್ಕಿತಂತೆ. ಅವರೀಗ ನಗರದ ಒಂದು ಸಿಂಫನಿ ಆರ್ಕೆಸ್ಟ್ರಾದ ಜೊತೆ ಕಾರ್ಯಕ್ರಮ ಕೊಡುವವರಿದ್ದರು. ಆರ್ಕೆಸ್ಟ್ರಾ ಎಂದರೆ ಗಣೇಶನ ಹಬ್ಬಕ್ಕೆ ಸಿನಿಮಾ ಹಾಡು ಹೇಳುವ ತಂಡವಲ್ಲ. ಸಾಲುಸಾಲು ಪಿಟೀಲು, ಆಳೆತ್ತರದ ಚೆಲ್ಲೊ, ಹಿತ್ತಾಳೆಯ ಕಹಳೆಗಳು, ಎಲ್ಲರ ಮುಂದೆಯೂ ಬರೆದಿಟ್ಟ ಸ್ವರದ ಹಾಳೆ.

"ನಮ್ಮದೊಂದು ಹಾಡು ಏಳರಲ್ಲಿದೆ ಮೇಷ್ಟ್ರೇ," ಎಂದ ತೇಜಸ್, ಚಕ್ಕುಲಿ ಮುರಿಯುತ್ತ. "ಮಧ್ಯ ಎಲ್ಲಾ ನಿಲ್ಲಿಸ್ಬಿಡ್ತೀವಿ. ಆರ್ಕೆಸ್ಟ್ರಾನೂ. ಅಲ್ಲಿ ನಿಮ್ಮ ಭಾನುವಾರದ ತನಿ ಬರ್ಬೇಕು. ಪೂರ್ತಿ."

ಅತ್ತೆಯೇ ಕೇಳಿದರು: "ಆ ಗಲಾಟೇಲಿ ಇವರದ್ದು ಯಾರಿಗೆ ಕೇಳ್ಸತ್ತೋ?"

"ಇಷ್ಟು ವರ್ಷ ನಿಶ್ಶಬ್ದದಲ್ಲಿ ಯಾರಿಗೆ ಕೇಳ್ಸಿತ್ತು ಬಿಡೇ," ಎಂದರು ಮಾವ. ಅದೇ ಒಪ್ಪಿಗೆ.

ಅಭ್ಯಾಸಕ್ಕೆ ಮಾವನನ್ನು ಕರೆದೊಯ್ಯುವ ಸಾರಥ್ಯ ನನ್ನದು. ಮೃದಂಗದ ಎಡಮುಖದ ನಾದ ತುಂಬಿ ಬರಲೆಂದು ರವೆ ಕಲಸಿ ಮೆತ್ತುತ್ತಾರಲ್ಲ, ಅತ್ತೆ ಅದಕ್ಕೆಂದು ಸ್ಟೀಲ್ ಡಬ್ಬಿಯಲ್ಲಿ ರವೆ ಕೊಟ್ಟು ಕಳಿಸಿದ್ದರು. ಮಾವ ನೀರು ಹಾಕಿ ಕಲಸಲು ಕೂತರೆ, ಮೈತುಂಬ ಹಚ್ಚೆ ಹಾಕಿಸಿಕೊಂಡಿದ್ದ ಗಿಟಾರಿನ ಹುಡುಗ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, "ಅಂಕಲ್, ಉಪ್ಪಿಟ್ಟಾ?" ಎಂದ. ಮೆತ್ತಿದ ಮೇಲೆ ಎಡಗೈಯಿಂದ ಒಂದು ಪೆಟ್ಟು ಕೊಟ್ಟರು ನೋಡಿ, ಆ ಉಗ್ರಾಣದ ತಗಡಿನ ಬಾಗಿಲು ಗುಂಯ್ ಎಂದಿತು. "ಮಗಾ, ಸಖತ್ ಬೇಸು!" ಎಂದು ಹುಡುಗ ಎರಡು ಕೈಯಲ್ಲೂ ನಮಸ್ಕಾರ ಮಾಡಿದ.

ತೊಡಕು ಬಂದದ್ದು ಆರ್ಕೆಸ್ಟ್ರಾವನ್ನು ನಡೆಸುವ ಮೇಡಂ ಕಡೆಯಿಂದ. ಕೈಯಲ್ಲಿ ಸಣ್ಣ ಬಿಳಿ ಕೋಲು ಹಿಡಿದ, ಬಹಳ ಸೌಮ್ಯವಾದ ಹೆಂಗಸು. "ಸಾರ್, ನಿಮ್ಮದು ಎಷ್ಟು ಹೊತ್ತಿರತ್ತೆ? ನಮ್ಮವರು ಎಣಿಸ್ಕೊಂಡು ಕಾಯ್ಬೇಕಲ್ಲ."

"ನಿಮಗೆಷ್ಟು ಬೇಕು ಹೇಳಿ ಮೇಡಂ. ಅಷ್ಟಕ್ಕೆ ಕತ್ತರಿಸ್ತೀನಿ," ಎಂದುಬಿಟ್ಟರು ಮಾವ. ಅಭ್ಯಾಸಬಲ.

"ಕತ್ತರಿಸೋಕಲ್ಲ ಮೇಷ್ಟ್ರೇ ನಿಮ್ಮನ್ನ ಕರ್ದಿದ್ದು!" ಎಂದು ತೇಜಸ್ ಡ್ರಮ್ಸಿನ ಹಿಂದಿನಿಂದ ಕೂಗಿದ.

ಕೊನೆಗೆ ದಾರಿ ಹುಡುಕಿದವರು ಮೇಡಮ್ಮೇ. ತನಿಯ ಕೊನೆಗೆ ಕೋರ್ವೆ ಅಂತ ಬರುತ್ತದೆ. ಒಂದೇ ಜೋಡಣೆಯನ್ನು ಮೂರು ಸಲ ನುಡಿಸುವುದು, ಮೂರನೆಯದು ಮುಗಿದ ಗಳಿಗೆಯಲ್ಲೇ ಹಾಡು ಹಿಂತಿರುಗುವುದು. ಆಕೆ ಅದನ್ನು ಬಾಯಿಪಾಠ ಮಾಡಿಕೊಂಡರು. "ಮೊದಲನೇ ಸಲ ಬಂದಾಗ ಎಲ್ಲರೂ ಸಿದ್ಧ ಆಗಿ. ಎರಡನೇದಕ್ಕೆ ನನ್ನ ಕೋಲು ಮೇಲೆ. ಮೂರನೇದರ ಕೊನೆಗೆ ಎಲ್ಲರೂ ಒಟ್ಟಿಗೆ. ಅಲ್ಲಿ ತನಕ ಇವರು ರಾತ್ರಿಯೆಲ್ಲ ನುಡಿಸಿದ್ರೂ ಕಾಯೋಣ." ಚೆಲ್ಲೊ ನುಡಿಸುವ ಅಜ್ಜನೊಬ್ಬರು ತೊಡೆ ತಟ್ಟಿಕೊಂಡು ತಕಿಟ ತಕಧಿಮಿ ಎನ್ನುತ್ತ ಚಹಾಕ್ಕೆ ಹೋದದ್ದು ಈಗಲೂ ನನ್ನ ಕಣ್ಣ ಮುಂದಿದೆ.

ಕಾರ್ಯಕ್ರಮ ಜೆ.ಪಿ. ನಗರದ ಒಂದು ಸಭಾಂಗಣದಲ್ಲಿ. ವೇದಿಕೆಯ ಹಿಂದೆ ಮೆಟ್ಟಿಲು ಮೆಟ್ಟಿಲಾಗಿ ಆರ್ಕೆಸ್ಟ್ರಾ, ಮುಂದೆ ಉಗ್ರಾಣ, ಒಂದು ಬದಿಗೆ ಮರದ ಪುಟ್ಟ ಕಟ್ಟೆ. ಕಟ್ಟೆಯ ಮೇಲೆ ಜಮಖಾನ, ಜಮಖಾನದ ಮೇಲೆ ರೇಷ್ಮೆ ಪಂಚೆಯ ಮಾವ. ಪಿಟೀಲಿನವರ ಮನೆಯವರು ಮಲ್ಲಿಗೆ ಮುಡಿದು ಹಿಂದೆ ಕೂತಿದ್ದರು. ಮುಂದಿನ ಸಾಲುಗಳ ತುಂಬ ಕಪ್ಪು ಟೀಶರ್ಟುಗಳು; ಕುರ್ಚಿ ಹಾಕಿದ ಜಾಗವೆಂದು ಪಾಪ, ಮದುವೆ ಮನೆಗೆ ಬಂದವರ ಹಾಗೆ ಮರ್ಯಾದೆಯಿಂದ ಕೂತಿದ್ದರು. ನಾನೂ ಅತ್ತೆಯೂ ಪಕ್ಕದ ಸಾಲಿನಲ್ಲಿದ್ದೆವು.

ಶುರುವಾದಾಗ ನಾನು ನಿಜಕ್ಕೂ ಕುರ್ಚಿಯ ಕೈ ಹಿಡಿದುಕೊಂಡೆ. ಮನೆ ಕಟ್ಟುವ ಜಾಗದಲ್ಲಿ ಲಾರಿಯಿಂದ ಜಲ್ಲಿ ಸುರಿಯುತ್ತಾರಲ್ಲ, ಗಿಟಾರುಗಳು ಹಾಗೆ ಸುರಿದವು. ಆದರೆ ಆ ಜಲ್ಲಿಯ ಸಂದುಸಂದಿನಿಂದ ಪಿಟೀಲುಗಳು ನೀರಿನಂತೆ ಹರಿದು ಮೇಲೆ ಬಂದಾಗ ನನ್ನ ಹಿಡಿತ ಸಡಿಲಾಯಿತು. ಗಾಯಕನ ಗರ್ಜನೆ ಕೇಳಿ ಅತ್ತೆ ನನ್ನ ಕಿವಿಯಲ್ಲಿ, "ಆ ಮಗುಗೆ ಗಂಟಲು ಕೆಟ್ಟಿದೆ ಅನ್ಸತ್ತೆ, ಯಾರಾದ್ರೂ ಕಷಾಯ ಮಾಡಿಕೊಡ್ಬಾರ್ದಾ?" ಎಂದರು. ಹುಡುಗರು ತೋರುಬೆರಳು ಕಿರುಬೆರಳು ಎತ್ತಿ ಕೈಯಾಡಿಸುವುದನ್ನು ನೋಡಿ, ಚಿಕ್ಕಂದಿನಲ್ಲಿ ಭರತನಾಟ್ಯ ಕಲಿತಿದ್ದ ಆಕೆ, "ಎಲ್ರೂ ಸಿಂಹಮುಖ ಹಸ್ತ ಹಿಡಿದಿದ್ದಾರಲ್ಲೋ!" ಎಂದು ಸಂತೋಷಪಟ್ಟರು.

ಆಮೇಲೆ ಆ ಏಳರ ಹಾಡು ಬಂತು. ಮಧ್ಯದಲ್ಲಿ ಎಲ್ಲವೂ ಕತ್ತರಿಸಿದಂತೆ ನಿಂತಿತು. ಮಾವನ ಎಡಗೈ ಇಳಿಯಿತು. ಮೈಕಿನಲ್ಲಿ ಹಾದು ಬಂದ ಆ ಪೆಟ್ಟು ನಮ್ಮ ಅಂಗಾಲಿಗೆ ತಾಗಿತು. ತಾಳದ ಎರಡು ಆವರ್ತ ಮುಗಿದಿರಬೇಕು, ಮುಂದಿನ ಸಾಲುಗಳ ಹುಡುಗರು ಹುಡುಗಿಯರು ಒಮ್ಮೆಗೇ ಎದ್ದರು. ಕುರ್ಚಿಗಳು ಧಡಧಡ ಹಿಂದೆ ಸರಿದವು.

ಅತ್ತೆ ನನ್ನ ಮುಂಗೈ ಹಿಡಿದರು. "ಅಯ್ಯೋ, ಇವರು ಕೋರ್ವೆಗೇ ಹೋಗ್ಬಿಟ್ರಲ್ಲೋ! ಇನ್ನೂ ಶುರುನೇ ಆಗಿಲ್ಲ!"

"ಯಾಕತ್ತೆ?"

"ಯಾಕೇನು, ಜನ ಎದ್ರಲ್ಲ!"

ಆಗ ನನಗೆ ಹೊಳೆಯಿತು. ದೀಪಗಳೆಲ್ಲ ಮಾವನ ಕಣ್ಣಿಗೆ ಹೊಡೆಯುತ್ತಿದ್ದವು. ಅವರಿಗೆ ಕಂಡದ್ದು ಎದ್ದು ನಿಂತ ನೆರಳುಗಳು, ಕೇಳಿದ್ದು ಜೀವಮಾನವಿಡೀ ಕೇಳಿದ ಅದೇ ಸದ್ದು. ಜನ ವೇದಿಕೆಯ ಹತ್ತಿರಕ್ಕೆ ಓಡಿಬರಲು ಎದ್ದಿದ್ದಾರೆಂದು ಅವರಿಗೆ ಹೇಗೆ ತಿಳಿಯಬೇಕು? ಹಾಗೆ ಏಳುವವರನ್ನು ಅವರು ಕಂಡಿದ್ದರೆ ತಾನೆ! ಕೋರ್ವೆ ಒಂದು ಸಲ ಮುಗಿಯಿತು. ಎರಡನೆಯದು ಬರುತ್ತಿದ್ದಂತೆ ಮೇಡಮ್ಮಿನ ಕೋಲು ಮೇಲೆದ್ದಿತು, ಪಿಟೀಲುಗಳು ಗಲ್ಲಕ್ಕೇರಿದವು. ಇನ್ನೊಂದು ಸಲ ಆದರೆ ಮುಗಿಯಿತು. ಆ ತನಿ ಮತ್ತೆ ನಡುಮನೆಗೆ ವಾಪಸ್ಸು.

ಆಗ ತೇಜಸ್ ನುಗ್ಗಿದ. ಮೂರನೆಯದಕ್ಕೆ ಮಾವ ಕೈ ಎತ್ತಿದ್ದಾರೆ, ಇವನು ತನ್ನ ಡ್ರಮ್ಸನ್ನೆಲ್ಲ ಅದರ ಮೇಲೆ ಉರುಳಿಸಿಬಿಟ್ಟ. ನಮ್ಮ ಪದ್ಧತಿಯಲ್ಲಿ ಗುರುವಿನ ಕೋರ್ವೆಯ ನಡುವೆ ಶಿಷ್ಯ ಬಾಯಿ ಹಾಕುವುದಿರಲಿ, ಉಸಿರನ್ನೂ ಜೋರಾಗಿ ಬಿಡುವಂತಿಲ್ಲ. ಮಾವ ತಿರುಗಿ "ಏಯ್!" ಎಂದದ್ದು ಅವರ ಬಾಯಿ ನೋಡಿದರೆ ತಿಳಿಯುತ್ತಿತ್ತು. ತೇಜಸ್ ಒಂದು ಕೋಲನ್ನು ಮೇಲೆತ್ತಿ ಗಾಳಿಯಲ್ಲಿ ದುಂಡಗೆ ತಿರುಗಿಸಿದ: ನಡೀಲಿ, ಇನ್ನೂ ನಡೀಲಿ. ಆಮೇಲೆ ಅದೇ ಕೋಲಿನಿಂದ ಕೆಳಗಿನ ಜನರ ಕಡೆ ತೋರಿಸಿದ.

ಮೇಡಂ ಕೋಲು ಇಳಿಸಿದರು. ಪಿಟೀಲುಗಳು ಮಡಿಲಿಗೆ ಮರಳಿದವು. ಮಾವ ರವೆ ಮೆತ್ತಿದ ಕೈಯನ್ನೇ ಹುಬ್ಬಿಗೆ ಅಡ್ಡ ಹಿಡಿದು ಬಗ್ಗಿ ನೋಡಿದರು. ಆ ಹುಡುಗರು ಹುಡುಗಿಯರೆಲ್ಲ ವೇದಿಕೆಯ ಅಂಚಿಗೆ ಎದೆಯೊತ್ತಿಕೊಂಡು ನಿಂತಿದ್ದರು, ಸಾಲುಸಾಲು. ಒಂದೂ ಬೆನ್ನಲ್ಲ. ಎಲ್ಲ ಮುಖಗಳು.

ಮಾವ ಎಷ್ಟು ಹೊತ್ತು ಹಾಗೆ ನೋಡಿದರೋ. ತೇಜಸ್ ಮೆಲ್ಲಗೆ ತಾಳ ಹಿಡಿದುಕೊಂಡೇ ಇದ್ದ. ಆಮೇಲೆ ಪಂಚೆಯ ಅಂಚಿನಿಂದ ಹಣೆಯ ರವೆ ಒರೆಸಿಕೊಂಡು, ಕಾಲು ಮಡಿಸಿ ಸರಿಯಾಗಿ ಕೂತು, ಗುರುಗಳು ಕೊಟ್ಟದ್ದನ್ನು ಮೊದಲಿನಿಂದ ಶುರುಮಾಡಿದರು.

ಅದನ್ನು ನಾನು ಬಣ್ಣಿಸಲಾರೆ. ಕಲಿಯುವಾಗ ಕಲಿತಿದ್ದರೆ ಬಣ್ಣಿಸಬಹುದಿತ್ತೇನೋ. ಉದ್ದ ಕೂದಲಿನ ತಲೆಗಳೆಲ್ಲ ಏಳರ ಎಣಿಕೆಗೆ ಏಳುತ್ತಿದ್ದವು, ಬೀಳುತ್ತಿದ್ದವು. ಚೆಲ್ಲೊದ ಅಜ್ಜ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಪಕ್ಕದಲ್ಲಿ ಅತ್ತೆಯ ತುಟಿಗಳು ಅಡುಗೆಮನೆಯಲ್ಲಿ ಆಡುತ್ತಿದ್ದ ಹಾಗೇ ಆಡುತ್ತಿದ್ದವು, ಕೈಯಲ್ಲಿ ಸೌಟಿನ ಬದಲು ನನ್ನ ಮುಂಗೈ. ಮತ್ತೆ ಕೋರ್ವೆ ಬಂತು. ಈ ಸಲ ಅವಸರವಿರಲಿಲ್ಲ. ಮೂರನೆಯದರ ಕೊನೆಯ ಪೆಟ್ಟಿಗೆ ಗಿಟಾರು, ಪಿಟೀಲು, ಕಹಳೆ, ಡ್ರಮ್ಸು ಎಲ್ಲ ಒಂದೇ ಕಡೆ ಬಂದು ಇಳಿದಾಗ, ಇಡೀ ಸಭಾಂಗಣವೇ ಒಂದು ಮೃದಂಗವಾಗಿ, ನಾವೆಲ್ಲ ಅದರೊಳಗೆ ಕೂತ ಹಾಗಾಯಿತು.

ವಾಪಸ್ಸು ಬರುವಾಗ ಮಾವ ಕಾರಿನಲ್ಲಿ, ಎಡಗೈ ಮೇಲೆ ಒಣಗಿದ ರವೆಯನ್ನು ಉಗುರಿನಿಂದ ಬಿಡಿಸುತ್ತ ಕೂತಿದ್ದರು. ಸಿಗ್ನಲ್ಲಿನಲ್ಲಿ ನಿಂತಾಗ ಹಿಂದಿನ ಸೀಟಿನಿಂದ ಅತ್ತೆ ಕೇಳಿದರು, ಏನೂ ಗೊತ್ತಿಲ್ಲದವರ ಹಾಗೆ:

"ಎಷ್ಟು ಜನ ಎದ್ರು ಇವತ್ತು?"

"ಎಲ್ರೂ ಎದ್ರು ಕಣೇ," ಎಂದರು ಮಾವ. ಆಮೇಲೆ ಹಿಂದಕ್ಕೆ ತಿರುಗಿ, "ಬೋಂಡ ಇರ್ಲಿಲ್ಲ, ಅಲ್ವಾ?"

"ಇರ್ಲಿಲ್ಲ. ನಾನು ಹೋಗಿ ನೋಡ್ಕೊಂಡೇ ಬಂದೆ."

ಈಗ ಮಾವನಿಗೆ ಮಂಡಿನೋವು, ಪೆಂಡಾಲಿಗೆ ಬರುವುದಿಲ್ಲ. ನಾನು ಹೋಗಿ ಬಂದು ವರದಿ ಒಪ್ಪಿಸಬೇಕು. ಹಾಗೆಂದೇ ಈ ಸಲವೂ ಹೋಗಿದ್ದು, ಮೊಣಕಾಲು ತಮ್ಮ ಪಾಡಿಗೆ ಎದ್ದದ್ದು, ನಾನು ನಡುವೆ ನಿಂತದ್ದು. ವೇದಿಕೆಯ ಮೇಲೆ ಮೃದಂಗ ನುಡಿಸುತ್ತಿದ್ದದ್ದು ಒಬ್ಬ ಹುಡುಗಿ. ಕುರ್ಚಿಗಳು ಸರಿಯುತ್ತಿದ್ದಂತೆ ಆಕೆಯ ಕಣ್ಣು ಒಮ್ಮೆ ನಮ್ಮ ಕಡೆ ಬಂದು ಹೋಯಿತು. ಆ ನೋಟ ನನಗೆ ಗೊತ್ತಿತ್ತು. ಇನ್ನೇನು ಕೈ ಅವಸರಕ್ಕೆ ಬೀಳುತ್ತದೆ. ನಾನು ಏನು ಮಾಡುತ್ತಿದ್ದೇನೆಂದು ಯೋಚಿಸುವ ಮೊದಲೇ ನನ್ನ ತೋರುಬೆರಳು ಮೇಲೆದ್ದು ಗಾಳಿಯಲ್ಲಿ ದುಂಡಗೆ ತಿರುಗಿತು: ನಡೀಲಿ, ಇನ್ನೂ ನಡೀಲಿ. ಹುಡುಗಿ ನೋಡಿದಳು. ಸಣ್ಣಗೆ ನಕ್ಕಳು. ಕೈ ನಿಧಾನವಾಯಿತು.

"ರೀ ಸಾರ್, ಕೂತ್ಕೊಳ್ರೀ," ಎಂದಿತು ಹಿಂದಿನಿಂದ ಒಂದು ಮುದಿ ಹೆಂಗಸಿನ ದನಿ, ಸಿಡುಕಿನಿಂದ. "ಅಡ್ಡ ನಿಂತಿದೀರ. ಆ ಹುಡುಗಿ ಕೈ ಕಾಣ್ತಿಲ್ಲ."

ಅಷ್ಟು ಸಂತೋಷದಿಂದ ನಾನು ಯಾರ ಬೈಗುಳಕ್ಕೂ ಕೂತವನಲ್ಲ. ತನಿ ಮುಗಿದು ಶಾಮಿಯಾನಕ್ಕೆ ಹೋಗುವಷ್ಟರಲ್ಲಿ ಬೋಂಡ ಖಾಲಿ, ಪಾತ್ರೆಯ ತಳದಲ್ಲಿ ಒಂದಿಷ್ಟು ಚಟ್ನಿ ಉಳಿದಿತ್ತು. ಮಾವನ ಮನೆಗೆ ಹೋಗಿ ಎಲ್ಲ ಹೇಳಿದೆ, ಆ ಚಟ್ನಿಯನ್ನೂ ಬಿಡದೆ. ಮಾವ ತುಂಬ ಹೊತ್ತು ನಕ್ಕರು. ಆಮೇಲೆ ಅತ್ತೆಯನ್ನು ಕರೆದು, "ಇವನಿಗೆ ನಾಲ್ಕು ಬೋಂಡ ಕರಿಯೇ," ಎಂದರು.