ಆಂಟಿ ಉಳಿಸಿಟ್ಟ ಚುಕ್ಕೆ

ಕಳೆದ ಶನಿವಾರ ಚಿತ್ರ ಬರೆಯುವ ಆಂಟಿಯ ಮಗಳು ನಮ್ಮ ಮನೆಗೆ ಬಂದು, ಚಪ್ಪಟೆಯಾದ ಒಂದು ರಟ್ಟಿನ ಪೆಟ್ಟಿಗೆ ಕೊಟ್ಟಳು. "ಇಟ್ಸ್ ನಾಟ್ ಫಿನಿಶ್ಡ್. ಬಟ್ ಅಮ್ಮ ಯಾರೂ ಮುಟ್ಟಬಾರ್ದು ಅಂದಿದ್ರು" ಎಂದು ಹೇಳಿ, ಕೂರದೆ ಹೊರಟುಹೋದಳು. ಟೇಪು ಕಿತ್ತು ಒಂದು ಅಂಚು ಎತ್ತಿದೆನಷ್ಟೆ, ಅಗಸೆ ಎಣ್ಣೆಯ ವಾಸನೆ ಬಂತು. ಒಳಗೇನಿದೆ ಎಂದು ನನಗೆ ಗೊತ್ತಿತ್ತು. ನನ್ನದೇ ಮುಖ. ಎರಡು ವರ್ಷ ನಾನು ತಪ್ಪಿಸಿಕೊಂಡು ಓಡಾಡಿದ ಮುಖ. ಪೆಟ್ಟಿಗೆಯನ್ನು ಹಾಗೆಯೇ ಗೋಡೆಗೆ ಒರಗಿಸಿ, ಕಾಫಿ ಮಾಡಿಕೊಂಡು ಕೂತೆ...

ಆ ವಾಸನೆ ಆಂಟಿಯ ಗರಾಜಿನದು. ನ್ಯೂಯಾರ್ಕಿನ ಬಳಿಯ ನಮ್ಮ ಎಡಿಸನ್ನಿನಲ್ಲಿ ಎಲ್ಲರ ಗರಾಜಿನಲ್ಲೂ ಕಾರು, ಇಲ್ಲವೇ ಮನೆ ಬದಲಿಸಿದಾಗಿನಿಂದ ಯಾರೂ ಬಿಚ್ಚದ ಪೆಟ್ಟಿಗೆಗಳು. ಇವರದರಲ್ಲಿ ಮಾತ್ರ ಚಿತ್ರ ನಿಲ್ಲಿಸುವ ಈಸೆಲ್, ಬ್ರಷ್ಷುಗಳು, ಎರಡು ಕುರ್ಚಿ. ಕಾರು ವರ್ಷವಿಡೀ ಹೊರಗೆ. ಸ್ನೋ ಬಿದ್ದ ಬೆಳಿಗ್ಗೆ ಆಂಟಿ ಗಾಜಿನ ಮೇಲಿನ ಐಸ್ ಕೆರೆಯುತ್ತ ನಿಂತಿರುವುದನ್ನು ನೋಡಿ ಬೀದಿಯವರೆಲ್ಲ ನಗುತ್ತಿದ್ದರು. ಅವರು ಧಾರವಾಡದವರು. ಬ್ರಿಡ್ಜ್‌ವಾಟರಿನ ಔಷಧಿ ಕಂಪನಿಯೊಂದರ ಲ್ಯಾಬಿನಲ್ಲಿ ದುಡಿದು ರಿಟೈರ್ ಆದಮೇಲೆ ಪೂರ್ತಿಯಾಗಿ ಚಿತ್ರಕ್ಕೆ ಬಿದ್ದಿದ್ದರು. ಬೆಳಿಗ್ಗೆ ಅಗಸೆ ಎಣ್ಣೆಯಲ್ಲಿ ಬಣ್ಣ ಕಲಸುವುದು, ಮಧ್ಯಾಹ್ನ ರೊಟ್ಟಿಯ ಮೇಲೆ ಅಗಸೆ ಚಟ್ನಿಪುಡಿ ಹಾಕಿ ಕೊಡುವುದು. ನಾನು ಅಲ್ಲಿಗೆ ಹೋಗುತ್ತಿದ್ದುದು ಅರ್ಧ ಆ ಚಟ್ನಿಪುಡಿಗೆ ಎಂದರೆ ಸುಳ್ಳಾಗದು.

ಕನ್ನಡ ಕೂಟದ ಯುಗಾದಿ ಊಟದ ಕ್ಯೂನಲ್ಲಿ ಅವರು ನನ್ನನ್ನು ಹಿಡಿದದ್ದು. ನಾನು ಬಿಸಿಬೇಳೆಬಾತಿಗೆ ತಟ್ಟೆ ಹಿಡಿದು ನಿಂತಿದ್ದೆ. ಪಕ್ಕದಲ್ಲೊಬ್ಬರು ನನ್ನ ಮುಖವನ್ನೇ ನೋಡುತ್ತಿದ್ದರು. ಏನಾದರೂ ಮೆತ್ತಿದೆಯೇ ಎಂದು ಕೆನ್ನೆ ಒರೆಸಿಕೊಂಡೆ.

"ಏನೂ ಹತ್ತಿಲ್ಲ ಬಿಡವಾ. ನಾ ಚಿತ್ರಾ ತಗೀತೀನಿ. ಶನಿವಾರ ಎರಡು ತಾಸು ನಿನ್ನ ಮುಖಾ ನನಗ ಕೊಡ್ತೀ ಏನು?" ಎಂದರು.

ಅವರಿಗೆ ಬೇಡಿಕೆಯೇನೋ ಬಹಳ ಇತ್ತು, ಆದರೆ ಎಲ್ಲರೂ ತೀರಿಕೊಂಡವರ ಫೋಟೋ ವಾಟ್ಸಾಪಿನಲ್ಲಿ ಕಳಿಸಿ, "ಅಪ್ಪನದೊಂದು ದೊಡ್ಡದಾಗಿ ಮಾಡಿಕೊಡಿ" ಎನ್ನುವವರೇ. ಆಂಟಿ ಒಪ್ಪುತ್ತಿರಲಿಲ್ಲ. ಎದುರಿಗೆ ಕೂತು ಉಸಿರಾಡದವರನ್ನು ಬರೆಯುವುದಿಲ್ಲ ಎಂಬುದು ಅವರ ಹಟ. ಇನ್ನು ಬದುಕಿರುವವರನ್ನು ಬರೆಸಿಕೊಳ್ಳಿ ಎಂದರೆ ನಮ್ಮ ಜನಕ್ಕೆ ಅಂಜಿಕೆ. ಗೋಡೆಯ ಮೇಲೆ ಒಬ್ಬರೇ ದೊಡ್ಡದಾಗಿ ಇದ್ದಾರೆಂದರೆ ನಮ್ಮ ಮನೆಗಳಲ್ಲಿ ಅದಕ್ಕೆ ಇರುವುದು ಒಂದೇ ಅರ್ಥ. ಒಬ್ಬ ಅಂಕಲ್ ತಮ್ಮ ತಾಯಿಯ ಚಿತ್ರ ಬರೆಸಿ ಲಿವಿಂಗ್ ರೂಮಿನಲ್ಲಿ ತೂಗುಹಾಕಿದಾಗ, ಆ ಅಜ್ಜಿ "ನಾನಿನ್ನೂ ಇದ್ದೀನಲ್ಲಪ್ಪಾ" ಎಂದು ಅತ್ತೇಬಿಟ್ಟರಂತೆ. ಚಿತ್ರ ಬೇಸ್‌ಮೆಂಟಿಗೆ ಹೋಯಿತು.

ಆಂಟಿ ಸುಮ್ಮನಿರಲಿಲ್ಲ. ಚಿತ್ರವನ್ನು ಮತ್ತೆ ತರಿಸಿಕೊಂಡು, ಹಣೆಯ ಕುಂಕುಮವನ್ನು ಒರೆಸಿ ಬರಿದು ಮಾಡಿ, ಕೆಂಪು ಬಣ್ಣ ಸಮೇತ ಅಜ್ಜಿಯ ಮುಂದಿಟ್ಟರು. "ಸತ್ತವರಿಗೆ ಮಂದಿ ಕುಂಕುಮ ಹಚ್ತಾರ. ನೀವು ನಿಮ್ಮ ಕೈಲೆ ಹಚ್ಕೋರಿ." ಅಜ್ಜಿ ಉಂಗುರದ ಬೆರಳು ಅದ್ದಿ ಇಟ್ಟರು. ಚಿತ್ರ ಗೋಡೆಗೆ ಮರಳಿತು. ಅಂದಿನಿಂದ ಅದೇ ಆಂಟಿಯ ಪದ್ಧತಿಯಾಯಿತು: ಯಾರದೇ ಚಿತ್ರವಿರಲಿ, ಕೊನೆಯ ಚುಕ್ಕೆ ಕೂತವರದು. ಮಂಗಳೂರಿನ ಕ್ಯಾಥೊಲಿಕ್ ಡಾಕ್ಟರೊಬ್ಬರು ತಮ್ಮ ಮುತ್ತಿನ ಓಲೆಯ ಹೊಳಪನ್ನು ತಾವೇ ಇಟ್ಟರು. ಒಬ್ಬ ಪ್ರೊಫೆಸರು ತಮ್ಮ ಶರ್ಟಿನ ಗುಂಡಿ ಇಡಲು ಹೋಗಿ ಅದನ್ನು ಚಕ್ಕುಲಿಯಷ್ಟು ದೊಡ್ಡದು ಮಾಡಿದ್ದರು. ಆಂಟಿ ತಿದ್ದಲಿಲ್ಲ.

ಐದು ಶನಿವಾರ ಕೂತೆ. ಒಮ್ಮೆ ಟ್ರೇನಿನಲ್ಲಿ ನ್ಯೂಯಾರ್ಕಿಗೆ ಕರೆದುಕೊಂಡು ಹೋಗಿ, ಮ್ಯೂಸಿಯಮ್ಮಿನಲ್ಲಿ ಯಾವುದೋ ಮುದುಕಿಯ ಚಿತ್ರದ ಮುಂದೆ ಕಾಲು ನೋಯುವವರೆಗೆ ನಿಲ್ಲಿಸಿದ್ದರು. "ಮೂಗು ನೋಡಬ್ಯಾಡ, ಮೂಗಿನ ಬಾಜೂಕಿನ ನೆರಳು ನೋಡು" ಎಂದರು. ನನ್ನ ಫೋನಿನಲ್ಲಿ ಸಾವಿರಾರು ಫೋಟೋಗಳಿವೆ ಎಂದು ಜಂಬದಿಂದ ತೋರಿಸಿದಾಗ, ತುಸು ಹೊತ್ತು ಬೆರಳಾಡಿಸಿ, "ಛಲೋ ಅವ. ಇದರಾಗ ನೀ ಎಲ್ಲಿದ್ದಿ?" ಎಂದು ಕೇಳಿ ಫೋನು ವಾಪಸ್ ಕೊಟ್ಟರು. ಮುಖ ನೋಡುವುದೆಂದರೆ ಏನೆಂದು ನಾನು ಕಲಿತದ್ದು ಅವರಿಂದಲೇ.

ಆ ವರ್ಷ ನಮ್ಮ ಮನೆಯಲ್ಲಿ ಕಷ್ಟವಿತ್ತು. ಗಂಡನ ಕೆಲಸ ಹೋಗಿತ್ತು, ವೀಸಾದ ದಿನಗಳು ಕರಗುತ್ತಿದ್ದವು. ನಾನು ದಿನವೂ ಮ್ಯಾನ್‌ಹಟನ್ನಿಗೆ ಕಮ್ಯೂಟ್ ಮಾಡಿ ಬಂದು, ಅವನೆದುರು ನಗುನಗುತ್ತ ಅಡುಗೆ ಮಾಡುತ್ತಿದ್ದೆ. ಎಲ್ಲರೂ ಅಡುಗೆ ತಂದು ಸೇರುವ ಪಾಟ್‌ಲಕ್ಕುಗಳಲ್ಲಂತೂ ಎಲ್ಲರಿಗಿಂತ ಜೋರು ನಗು ನನ್ನದೇ. ಯಾರಿಗೂ ಒಂದು ಮಾತು ಹೇಳಿರಲಿಲ್ಲ, ಆಂಟಿಗೂ.

ಐದನೆಯ ಶನಿವಾರ ಅವರು ಈಸೆಲನ್ನು ನನ್ನ ಕಡೆಗೆ ತಿರುಗಿಸಿದರು. ಹಣೆಯ ಬೊಟ್ಟೊಂದನ್ನು ಬಿಟ್ಟು ಎಲ್ಲ ಮುಗಿದಿತ್ತು. ಕಣ್ಣಿನ ಕೆಳಗೆ ನೆರಳು, ಜೋತ ಭುಜ, ಏನನ್ನೋ ಬಿಗಿಹಿಡಿದ ತುಟಿ. ನನಗೆ ಮೈ ಉರಿಯಿತು.

"ನಾನು ಹೀಗೆ ಕಾಣ್ತೀನಾ ಆಂಟಿ? ಸ್ವಲ್ಪ ಫ್ರೆಶ್ ಆಗಿ ಮಾಡಕ್ಕಾಗಲ್ವಾ?"

"ಮಾಡಬಹುದು. ಆದ್ರ ಅದು ನೀ ಆಗಂಗಿಲ್ಲ. ಬೊಟ್ಟು ಇಟ್ಕೋ, ಬಾ."

"ಮುಂದಿನ ವಾರ ಬರ್ತೀನಿ" ಎಂದು ಬ್ಯಾಗು ಎತ್ತಿಕೊಂಡು ಬಂದವಳು ಮತ್ತೆ ಹೋಗಲಿಲ್ಲ. ಮೊದಲು ಬಿಜಿ ಎಂದೆ, ಆಮೇಲೆ ನೆಗಡಿ ಎಂದೆ. ಕೆಲವು ತಿಂಗಳಿಗೊಮ್ಮೆ "ಚುಕ್ಕಿ ಬಾಕಿ ಅದ" ಎಂದು ಅವರ ಮೆಸೇಜ್ ಬರುತ್ತಿತ್ತು. ನಾನೊಂದು ನಗುವ ಮುಖ ಕಳಿಸುತ್ತಿದ್ದೆ. ಗಂಡನಿಗೆ ಕೆಲಸ ಸಿಕ್ಕಿತು, ದಿನಗಳು ಸರಿಹೋದವು, ಸಿಟ್ಟೂ ಇಳಿಯಿತು. ಆಮೇಲೆ ಉಳಿದದ್ದು ಬರೀ ನಾಚಿಕೆ. ಅವರ ಮನೆ ಎಂಟು ನಿಮಿಷದ ಡ್ರೈವ್... ಹೋಗಲಿಲ್ಲ. ಕೊನೆಗೆ ಹೋದದ್ದು ಫ್ಯೂನರಲ್ ಹೋಮಿಗೆ. ಹಿಂದಿನ ಸಾಲಿನಲ್ಲಿ ನಿಂತು ಬಂದೆ.

ಕಾಫಿ ಆರಿತ್ತು. ಎದ್ದು ಚಿತ್ರವನ್ನು ಹೊರತೆಗೆದೆ. ನನ್ನ ಮೇಲಿನ ಕರುಣೆಗಾದರೂ ಅಲ್ಲಿಲ್ಲಿ ತಿದ್ದಿರಬಹುದು ಎಂದುಕೊಂಡಿದ್ದೆ. ಒಂದು ಗೆರೆಯನ್ನೂ ಬದಲಿಸಿರಲಿಲ್ಲ. ಹಿಂಬದಿಗೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅಂಟಿಸಿದ್ದ ಕೆಂಪು ಬಣ್ಣದ ಪುಟ್ಟ ಟ್ಯೂಬು. ಮುಚ್ಚಳ ಬಿಗಿದುಕೊಂಡಿತ್ತು. ಬಿಸಿನೀರಿನಲ್ಲಿ ಹಿಡಿದು ತೆಗೆದೆ. ತುಸು ಬಣ್ಣ ಹಿಂಡಿ, ಉಂಗುರದ ಬೆರಳು ಅದ್ದಿ ಚಿತ್ರದ ಹಣೆಗೆ ಇಟ್ಟೆ. ಬೊಟ್ಟು ತುಸು ಎಡಕ್ಕೆ ಸರಿಯಿತು. ಹಾಗೆಯೇ ಬಿಟ್ಟೆ.

ಸಂಜೆ ಗಂಡ ದಿನಸಿ ಚೀಲಗಳೊಂದಿಗೆ ಒಳಗೆ ಬಂದವನು ಅವನ್ನು ಕೆಳಗಿಡದೆ ಚಿತ್ರದ ಮುಂದೆ ನಿಂತ.

"ನನ್ನ ಕೆಲಸ ಹೋಗಿತ್ತಲ್ಲ, ಆ ವರ್ಷದ್ದಾ ಇದು?"

"ಹೂಂ."

"ನಂಗೆ ಗೊತ್ತೇ ಆಗ್ಲಿಲ್ಲ ಕಣೆ."

"ಆಂಟಿಗೆ ಗೊತ್ತಾಗಿತ್ತು" ಎಂದೆ.

ಈ ಒಂದು ಮಾತನ್ನು ಅವರೆದುರು ಕೂತು ಹೇಳಿದ್ದರೆ ಸಾಕಿತ್ತು. ಎಂಟೇ ನಿಮಿಷದ ದಾರಿಯಾಗಿತ್ತು.